ಸ್ವಭಾವಪ್ರಶ್ನಾವಳಿಯೂ ಚಿತ್ತರೋಗದ ಮುನ್ಸೂಚನೆಯೂ

ಸ್ಕಿಜೋಫ್ರೇನಿಯಾ ಎಂಬ ಚಿತ್ತರೋಗವು ಪ್ರಾಯಶಃ ತಾರುಣ್ಯದಲ್ಲಿ ತಲೆದೋರತಕ್ಕದ್ದು. ಅದು ಪ್ರಕಟವಾಗುವುದಕ್ಕೆ ಮುನ್ನವೇ ಅದರ ಪ್ರವಣತೆಯನ್ನು ಗುರುತಿಸಬಹುದೆ? ಈ ಪ್ರವಣತೆಯು ಆನುವಂಶಿಕವೆಂದೂ, ಅದುಳ್ಳವರೆಲ್ಲರೂ ರೋಗಿಗಳಾಗರೆಂದೂ ಅಮೆರಿಕದ ಪಾಲ್ ಮೀಲ್ ಎಂಬ ವಿದ್ವಾಂಸರು 1962ರಲ್ಲಿ ಪ್ರತಿಪಾದಿಸಿದರು. ಅದನ್ನು ಅಳೆಯಲು ಹೊರಟ ಪ್ರಶ್ನಾವಳಿಗಳಲ್ಲಿ ಏಡ್ರಿಯನ್ ರೇನ್ ಅವರು 1991ರಲ್ಲಿ ಪ್ರಕಟಿಸಿದುದು ಪ್ರಸಿದ್ಧವಾಗಿದೆ. ಅದರ 74 ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲವೆಂದು ಉತ್ತರಿಸಬೇಕು. ಸಂಶಯಶೀಲತೆ, ವಿಚಿತ್ರ ನಂಬಿಕೆ, ಅಸಾಧಾರಣ ಇಂದ್ರಿಯಾನುಭವ, ಆಪ್ತರಿಲ್ಲದಿರುವಿಕೆ ಮೊದಲಾದ ಒಂಬತ್ತು ಲಕ್ಷಣಗಳು ಅದರಿಂದ ಗಣನೆಗೆ ಬರುತ್ತವೆ.

ಇಂತಹ ಪ್ರಶ್ನಾವಳಿಯನ್ನು ಬೀದರ ಜಿಲ್ಲೆಯಲ್ಲಿ ಪ್ರಯೋಗಿಸುವುದಾದರೆ ಮೊದಲು ಎದುರಾಗುವುದು ನಂಬಿಕೆಯ ಪ್ರಶ್ನೆ. ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನ ಕ್ಷೇತ್ರವಿದೆ. ದೇವರು ಮೈಮೇಲೆ ಬರುವುದೆಂದು ಭಕ್ತನೊಬ್ಬನು ನಂಬಿದರೆ, ಅದು ಊರವರೆಲ್ಲರ ನಂಬಿಕೆ, ರೋಗಲಕ್ಷಣವಲ್ಲ. ತನಗೊಬ್ಬನಿಗೇ ಕೇಳಿಬಂದು, ನೆರೆಹೊರೆಯವರನ್ನೂ ಬೆರಗುಗೊಳಿಸಿ, ನಿದ್ರೆ ಕೆಲಸಗಳನ್ನು ಕೆಡಿಸುವ ಧ್ವನಿಯ ವಿಚಾರವೇ ಬೇರೆ. ಈ ಭೇದವನ್ನು ಕೇಳದ ಪ್ರಶ್ನೆಯು ಭಕ್ತಿಯನ್ನೇ ವ್ಯಾಧಿಯೆಂದು ಎಣಿಸೀತು.

ಎರಡನೆಯದು ಭಾಷೆ. 1956ರಲ್ಲಿ ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಈ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಕೂಡಿ ಬಾಳುತ್ತವೆ. ಔರಾದಿನ ಮರಾಠಿಯವರು ದೇವರು ಮೈದುಂಬುವುದನ್ನು 'ಅಂಗಾತ ಯೇಣೆ' ಎನ್ನುವರು. ಕನ್ನಡವೊಂದನ್ನೇ ಬಲ್ಲವನಿಗೆ 'ಅಂಗಾತ'ವೆಂದರೆ ಬೆನ್ನ ಮೇಲೆ ಮಲಗಿರುವುದು. ಒಂದು ಶಬ್ದ ತಪ್ಪಿದರೆ ಉತ್ತರವೂ ತಪ್ಪುವುದು. ಆದಕಾರಣ ಭಾಷಾಂತರವನ್ನು ಬೇರೊಬ್ಬರಿಂದ ಮೂಲಕ್ಕೆ ಮರಳಿ ತಿರುಗಿಸಿ ಹೋಲಿಸುವುದು, ಬಳಿಕ ಸ್ಥಳೀಯರಲ್ಲಿ ಪರೀಕ್ಷಿಸುವುದು ಅವಶ್ಯಕ.

ಮೂರನೆಯದು ಗಣಿತ. ಸಾವಿರ ಮಂದಿಯಲ್ಲಿ ಹತ್ತು ಮಂದಿ ಮುಂದೆ ರೋಗಕ್ಕೆ ತುತ್ತಾಗುವರೆಂದೂ, ಪ್ರಶ್ನಾವಳಿಯು ಅವರಲ್ಲಿ 8 ಮಂದಿಯನ್ನು ಹಿಡಿಯುವುದೆಂದೂ, ಉಳಿದ 990 ಮಂದಿಯಲ್ಲಿ ಹತ್ತಕ್ಕೊಬ್ಬರಂತೆ 99 ಮಂದಿಯನ್ನು ತಪ್ಪಾಗಿ ಹೆಸರಿಸುವುದೆಂದೂ ಊಹಿಸೋಣ. ಆಗ ಗುರುತಿಸಲ್ಪಟ್ಟ 107 ಮಂದಿಯಲ್ಲಿ ನಿಜವಾದವರು ಎಂಟೇ ಮಂದಿ. ಅಮೆರಿಕದ ಚಾಪ್‌ಮನ್ ದಂಪತಿಗಳ ತಂಡವು ಕಾಲೇಜು ವಿದ್ಯಾರ್ಥಿಗಳನ್ನು ಹತ್ತು ವರ್ಷಗಳ ಅನಂತರ ಪುನಃ ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದಕ್ಕೆ ಅನುಗುಣವಾಗಿದೆ: ವಿಚಿತ್ರ ಅನುಭವ ಹಾಗೂ ನಂಬಿಕೆಗಳಲ್ಲಿ ಅಧಿಕ ಅಂಕ ಪಡೆದವರಲ್ಲಿ ಚಿತ್ತವಿಕಾರವು ಇತರರಿಗಿಂತ ಹೆಚ್ಚಾಗಿತ್ತು, ಆದರೂ ಅವರಲ್ಲಿ ಬಹುಪಾಲು ಜನರಿಗೆ ಅದು ತಗಲಲಿಲ್ಲ.

ಆದ್ದರಿಂದ ಪ್ರಶ್ನಾವಳಿಯ ಅಂಕವು ವೈದ್ಯನ ಸಂದರ್ಶನಕ್ಕೆ ಪೀಠಿಕೆಯೇ ಹೊರತು ತೀರ್ಪಲ್ಲ. ಶಾಲೆಯಲ್ಲಿ ಹಂಚಿದ ಕಾಗದವೊಂದರ ಬಲದಿಂದ ತರುಣನಿಗೆ ಹುಚ್ಚನೆಂಬ ಹೆಸರು ಅಂಟಿದರೆ ಅವನ ವಿದ್ಯೆಗೂ ವಿವಾಹಕ್ಕೂ ಕುಂದುಂಟಾಗುವುದು. ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞನು ರಚಿಸಲಿ. ಅದರ ಮಾತನ್ನು ತೂಗಿ ನೋಡುವ ಹೊಣೆಯು ಆ ನೆಲದ ನುಡಿಗಳನ್ನು ಬಲ್ಲ ಅಧ್ಯಾಪಕರದೂ ಆಗಿದೆ.