ನಗೆಯ ಮೊದಲ ಕಂತು

ವಾರ್ಷಿಕೋತ್ಸವದಲ್ಲಿ ನಗೆನಾಟಕವಾಡಿ ಮೆಚ್ಚುಗೆ ಗಳಿಸಿದ ತಂಡಕ್ಕೆ ಮರುದಿನವೇ ಹೊಳೆಯುವ ವಿಚಾರವೊಂದುಂಟು: ಇದನ್ನು ಟೆಲಿವಿಷನ್ನಿಗೇಕೆ ಮಾಡಬಾರದು? ಪ್ರತಿಭೆಯುಂಟು, ಉತ್ಸಾಹವುಂಟು, ಕೊರತೆ ಹಣದ್ದು. ಅದನ್ನು ಯಾರಾದರೊಬ್ಬರು ಭವಿಷ್ಯನಿಧಿಯಿಂದ ತೆಗೆಯಲು ಮುಂದಾಗುತ್ತಾರೆ. ಅದಕ್ಕೆ ಮುನ್ನ ಒಮ್ಮೆ ಕೇರಳದತ್ತ ನೋಡುವುದು ಒಳಿತು.

ಫಾದರ್ ಆಬೇಲ್ ಅವರು 1969ರಲ್ಲಿ ಸ್ಥಾಪಿಸಿದ ಕೊಚ್ಚಿಯ ಕಲಾಭವನ ಗಾನಮೇಳಗಳಿಗೆ ಹೆಸರಾಗಿತ್ತು. ವಾದ್ಯಗಾರರು ದಣಿವಾರಿಸಿಕೊಳ್ಳುವಾಗ ಸಭಿಕರು ಎದ್ದುಹೋಗದಂತೆ ಒಬ್ಬಾತ ಬಂದು ಚಿತ್ರನಟರ ದನಿಗಳನ್ನು ಅನುಕರಿಸುವನು. ಮಿಮಿಕ್ರಿಗಿದ್ದ ಸ್ಥಾನ ಅಷ್ಟೆ. 1981ರಲ್ಲಿ ಆರು ಮಂದಿ ತರುಣರು ಈ ಬಿಡುವಿನ ಸರಕನ್ನೇ ಪೂರ್ಣ ಕಾರ್ಯಕ್ರಮವಾಗಿ ಬೆಳೆಸಿ, 'ಮಿಮಿಕ್ಸ್ ಪರೇಡ್' ಎಂಬ ಹೆಸರಿನಲ್ಲಿ ಎರ್ನಾಕುಲಂನಲ್ಲಿ ಪ್ರದರ್ಶಿಸಿದರು. ಅವರ ಬಂಡವಾಳ ಕಂಠ ಮತ್ತು ಅಭ್ಯಾಸ. ಅವರಲ್ಲಿಬ್ಬರಾದ ಸಿದ್ದಿಕ್ ಮತ್ತು ಲಾಲ್ 1989ರಲ್ಲಿ 'ರಾಮ್‌ಜಿ ರಾವ್ ಸ್ಪೀಕಿಂಗ್' ಚಿತ್ರವನ್ನು ನಿರ್ದೇಶಿಸುವ ವೇಳೆಗೆ, ಜನರು ಎಲ್ಲಿ ನಗುವರು, ಎಲ್ಲಿ ಆಕಳಿಸುವರು ಎಂಬುದನ್ನು ವೇದಿಕೆಯ ಮೇಲೆಯೇ ಕಲಿತಿದ್ದರು. ಸಭಿಕರ ಮುಂದೆ ಸೋತ ಹಾಸ್ಯಕ್ಕೆ ಖರ್ಚಿಲ್ಲ. ಕ್ಯಾಮೆರಾದ ಮುಂದೆ ಸೋತದ್ದಕ್ಕೆ ಬಾಡಿಗೆ ತೆರಬೇಕು.

ತಿರುವನಂತಪುರದ ದೂರದರ್ಶನ ಕೇಂದ್ರ ಪ್ರಸಾರ ಆರಂಭಿಸಿದ್ದು 1985ರಲ್ಲಿ. ಅಂದಿನ ಪ್ರಾಯೋಜಿತ ಧಾರಾವಾಹಿಗಳ ಪದ್ಧತಿಯಲ್ಲಿ ಮಾದರಿ ಕಂತಿನ ವೆಚ್ಚ ನಿರ್ಮಾಪಕನ ತಲೆಯ ಮೇಲೆ. ಒಪ್ಪಿಗೆ ದೊರೆತು, ಪ್ರಾಯೋಜಕ ಕೈಹಿಡಿದರೆ ಹದಿಮೂರು ಕಂತು. ಇಲ್ಲವಾದರೆ ಬೀರುವಿನಲ್ಲೊಂದು ಟೇಪು. ಯಾವ ಬ್ಯಾಂಕೂ ಅದನ್ನು ಸಾಲಕ್ಕೆ ಆಧಾರವಾಗಿ ಸ್ವೀಕರಿಸದು. ಒಪ್ಪಿಗೆ ಸಿಕ್ಕವನ ಪಾಡೂ ಸುಲಭವಲ್ಲ. ಇದ್ದ ನಗೆಯನ್ನೆಲ್ಲ ಮೊದಲ ಕಂತಿಗೇ ಸುರಿದವನು ನಾಲ್ಕನೆಯ ಕಂತಿಗೆ ಏನು ಬರೆದಾನು? ಕನಿಷ್ಠ ಆರು ಕಂತುಗಳ ಬರಹ ಕೈಯಲ್ಲಿಲ್ಲದೆ ಮೊದಲನೆಯದನ್ನು ಚಿತ್ರೀಕರಿಸುವುದು ದುಡಿಮೆ ಬಂಡವಾಳವಿಲ್ಲದೆ ಅಂಗಡಿ ತೆರೆದಂತೆ.

ಹಣ ಸೋರುವುದು ನಟರ ಸಂಭಾವನೆಯಲ್ಲಲ್ಲ, ಗೆಳೆಯರು ಹೇಗೂ ಬಿಟ್ಟಿಯಾಗಿ ನಟಿಸುವರು. ಸೋರುವುದು ಕಾಯುವುದರಲ್ಲಿ. ಒಬ್ಬ ನಟ ತಡವಾಗಿ ಬಂದರೆ ಕ್ಯಾಮೆರಾ, ದೀಪ, ವಾಹನ ಎಲ್ಲದರ ಬಾಡಿಗೆ ಏರುತ್ತಲೇ ಇರುತ್ತದೆ. ಊರೂರು ಅಲೆದು ಚಿತ್ರೀಕರಿಸಿದರೆ ಪ್ರಯಾಣದಲ್ಲೇ ದಿನ ಮುಗಿಯುವುದು. ಮೈಕಿನಲ್ಲಿ ಉಳಿತಾಯ ಮಾಡುವವರೂ ಉಂಟು. ಚಿತ್ರ ತುಸು ಮಸುಕಾದರೂ ಪ್ರೇಕ್ಷಕ ಕ್ಷಮಿಸಿಯಾನು. ಮಾತು ಕೇಳಿಸದ ಹಾಸ್ಯಕ್ಕೆ ನಗುವುದೆಂತು?

1993ರಲ್ಲಿ ಏಷ್ಯಾನೆಟ್ ಬಂದ ಮೇಲೆ ಮಲಯಾಳದ ಹಾಸ್ಯಕ್ಕೆ ಖಾಸಗಿ ಬಾಗಿಲು ತೆರೆಯಿತು. ರಾಜಕಾರಣಿಗಳನ್ನು ಅಣಕಿಸುತ್ತಿದ್ದ ಅದರ 'ಸಿನಿಮಾಲ' ಸುಮಾರು ಇಪ್ಪತ್ತು ವರ್ಷ ನಡೆಯಿತು. ಇತ್ತ ಬೆಂಗಳೂರು ದೂರದರ್ಶನದ 'ಸಿಹಿಕಹಿ' ಧಾರಾವಾಹಿಯ ಹೆಸರು ನಟ ಚಂದ್ರು ಅವರ ಹೆಸರಿಗೇ ಅಂಟಿಕೊಂಡಿದ್ದು ಕನ್ನಡಿಗರಿಗೆ ತಿಳಿದದ್ದೇ.

ಒಪ್ಪಿಗೆಗಾಗಿ ಕಾಯುವ ಪದ್ಧತಿಯನ್ನೇ ಬದಿಗಿಟ್ಟವರು 'ಕರಿಕ್ಕ್' ತಂಡದವರು. ನಿಖಿಲ್ ಪ್ರಸಾದ್ ನೇತೃತ್ವದ ಈ ತರುಣರು 2018ರಲ್ಲಿ 'ತೇರಾ ಪಾರಾ' ಎಂಬ ಕಿರುಸರಣಿಯನ್ನು ಯೂಟ್ಯೂಬಿನಲ್ಲೇ ಪ್ರಕಟಿಸಿದರು. ಒಂದೇ ಮನೆಯಲ್ಲಿ ವಾಸಿಸುವ ಅವಿವಾಹಿತ ಗೆಳೆಯರು, ಅವರ ಸೋಮಾರಿತನ, ಜಗಳ: ಕಥಾವಸ್ತು ಇಷ್ಟೇ. ಖ್ಯಾತ ತಾರೆಯರಿಲ್ಲ, ಭರ್ಜರಿ ಸೆಟ್ಟಿಲ್ಲ. ಮುಂಬಯಿಯ ಕೋಣೆಗಳಲ್ಲಿ ನಾಲ್ವರು ಒಟ್ಟಿಗಿದ್ದು ನೌಕರಿ ಆರಂಭಿಸಿದ ನಮ್ಮ ಹಿರಿಯರ ಬಳಿ ಇಂಥ ಕಥೆಗಳು ಎಷ್ಟಿಲ್ಲ!