ಬಿಜಾಪುರದಲ್ಲೊಂದು ಮುಂಜಾವು

ಒಂದೇ ಹೊತ್ತಿನ ಬಿಡುವಿನಲ್ಲಿ ಊರೊಂದನ್ನು ನೋಡಿ ಮುಗಿಸಬೇಕೆಂಬ ಪ್ರವಾಸಿಗೆ ಬಿಜಾಪುರವು ಕಠಿಣವಾದ ಪರೀಕ್ಷೆಯನ್ನೇ ಒಡ್ಡುತ್ತದೆ. 2014ರಿಂದ ವಿಜಯಪುರವೆಂಬ ಅಧಿಕೃತ ನಾಮವನ್ನು ಧರಿಸಿರುವ ಈ ನಗರದಲ್ಲಿ ಹೆಜ್ಜೆಗೊಂದು ಮಸೀದಿ, ಮಹಲು, ಬಾವಡಿ. ಎಲ್ಲವನ್ನೂ ಕಾಣುವ ಆತುರದಲ್ಲಿ ಯಾವುದನ್ನೂ ಕಾಣದೆ ಮರಳುವವರೇ ಹೆಚ್ಚು. ಆದುದರಿಂದ ತಂದೆ, ಮಗ, ಮೊಮ್ಮಗ ಎಂಬ ಮೂವರು ಆದಿಲಶಾಹಿ ಅರಸರ ಮೂರು ಗೋರಿಗಳನ್ನು ಮಾತ್ರ ಆರಿಸಿಕೊಂಡು, ಪೂರ್ವದಿಂದ ಪಶ್ಚಿಮಕ್ಕೆ ನಡೆಯುವುದು ಲೇಸು. ಒಂದು ಮನೆತನದ ಆಸೆಯ ಕಥೆ ಆ ದಾರಿಯಲ್ಲಿಯೇ ಇದೆ.

ಪೂರ್ವದಲ್ಲಿರುವುದು ಗೋಳಗುಮ್ಮಟ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲಶಹನ ಸಮಾಧಿ. ಸುಮಾರು 44 ಮೀಟರು ಹೊರವ್ಯಾಸದ ಗುಮ್ಮಟ; ಒಳಗೆ ಒಂದಾದರೂ ಕಂಬವಿಲ್ಲ. ಒಂದನ್ನೊಂದು ಹಾಯ್ದು ಹೆಣೆದುಕೊಂಡ ಎಂಟು ಕಮಾನುಗಳು ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನೇರಿ ಮೇಲಣ ಮೊಗಸಾಲೆಯನ್ನು ಸೇರಿ, ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವರಿಗೆ ಸ್ಪಷ್ಟವಾಗಿ ಕೇಳಿಸುವುದು. ಬಾಗಿಲು ತೆರೆದೊಡನೆ ಹೋದವರಿಗೆ ಮಾತ್ರ ಈ ಭಾಗ್ಯ. ಬಿಸಿಲೇರುತ್ತಲೂ ಕೂಗು, ಸಿಳ್ಳು, ಚಪ್ಪಾಳೆಗಳ ಸಂತೆ ನೆರೆಯುತ್ತದೆ. ತನ್ನ ದನಿಯೇ ಮತ್ತೆ ಮತ್ತೆ ಮರಳುವುದನ್ನು ಕೇಳಿ ಹಿಗ್ಗುವವರು ಕೆಳಗೆ ಮಲಗಿದ ಅರಸನನ್ನು ನೆನೆಯುವುದುಂಟೆ?

ಅಲ್ಲಿಂದ ಪಡುವಣಕ್ಕೆ ಸಾಗಿದರೆ ಊರ ನಡುವೆ ಬಾರಾಕಮಾನು. ಮುಹಮ್ಮದನ ಮಗ ಎರಡನೆಯ ಅಲಿಯ ಗೋರಿ. ಇದರ ನೆರಳು ಗೋಳಗುಮ್ಮಟದ ಮೇಲೆ ಬೀಳಬೇಕೆಂದು ಅವನು ಬಯಸಿದ್ದನೆಂದು ಜನ ಹೇಳುತ್ತಾರೆ. ದಂತಕಥೆಯಿರಬಹುದು, ಆದರೆ ಆ ಎತ್ತರದ ಕರಿಗಲ್ಲಿನ ಕಮಾನುಗಳ ನಡುವೆ ನಿಂತಾಗ ನಂಬಬೇಕೆನಿಸುತ್ತದೆ. ಅಲಿ 1672ರಲ್ಲಿ ತೀರಿಕೊಂಡ. 1686ರಲ್ಲಿ ಔರಂಗಜೇಬನು ರಾಜ್ಯವನ್ನೇ ನುಂಗಿದ. ಕಮಾನುಗಳು ಮಾಡಿಲ್ಲದೆ ಉಳಿದವು. ಇಂದಿಗೂ ಆಕಾಶವೇ ಅವಕ್ಕೆ ಹೊದಿಕೆ.

ಕೋಟೆಯ ಪಶ್ಚಿಮದ ಗೋಡೆಯಾಚೆ ಇಬ್ರಾಹಿಂ ರೋಜಾ. ಮುಹಮ್ಮದನ ತಂದೆ ಎರಡನೆಯ ಇಬ್ರಾಹಿಮನು 1580ರಿಂದ 1627ರವರೆಗೆ ಆಳಿದವನು; ಸಂಗೀತಪ್ರಿಯ, ಸ್ವತಃ ಕವಿ. ದಖನಿಯಲ್ಲಿ ತಾನು ರಚಿಸಿದ ‘ಕಿತಾಬ್-ಎ-ನವರಸ’ದ ಹಾಡುಗಳಲ್ಲಿ ಸರಸ್ವತಿಯನ್ನು ಸ್ತುತಿಸಿದವನು. ಇಲ್ಲಿ ಗಾತ್ರದ ಹಮ್ಮಿಲ್ಲ. ಒಂದೇ ಜಗತಿಯ ಮೇಲೆ ಗೋರಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ. ನಡುವೆ ನೀರಿನ ತೊಟ್ಟಿ. ಕಿಟಕಿಯ ಜಾಲಂಧ್ರಗಳೇ ಅರಬ್ಬಿ ಅಕ್ಷರಗಳು: ಕಲ್ಲನ್ನು ಕೊರೆದು ಬರೆದ ಬರಹದೊಳಗಿಂದ ಬೆಳಕು ಸೋಸಿ ಬರುತ್ತದೆ. ಕೆಲಸವನ್ನು ನಡೆಸಿದ ಮಲಿಕ್ ಸಂದಲನ ಹೆಸರನ್ನೂ ಇಲ್ಲಿಯ ಶಾಸನ ಮರೆತಿಲ್ಲ.

ಈ ನಾಜೂಕನ್ನು ಮೀರುವುದು ಅಸಾಧ್ಯವೆಂದು ತಿಳಿದೇ ಮಗನು ಗಾತ್ರದಲ್ಲಿ ತಂದೆಯನ್ನು ಮೀರಹೊರಟನೆಂದು ಊಹಿಸಿದವರುಂಟು. ಮೊಮ್ಮಗನು ಆ ಗಾತ್ರವನ್ನೂ ಮೀರಬಯಸಿದ, ಕಾಲ ಕೂಡಿಬರಲಿಲ್ಲ. ಪ್ರವಾಸಿಗಳ ದಟ್ಟಣೆ ಇಂದಿಗೂ ಗುಮ್ಮಟದ ಕಡೆಗೇ. ಆದರೆ ಬಿಜಾಪುರವನ್ನು ಕಾಣಲೆಂದು ಕರೆತಂದ ವಿದ್ಯಾರ್ಥಿಗಳನ್ನು ಉಪಾಧ್ಯಾಯರು ಅರ್ಧ ಗಂಟೆಯಾದರೂ ರೋಜಾದ ಮೊಗಸಾಲೆಯಲ್ಲಿ ಸುಮ್ಮನೆ ಕೂರಿಸಲಿ. ಅಕ್ಷರಗಳ ನೆರಳು ನೆಲದ ಮೇಲೆ ಮೆಲ್ಲನೆ ಸರಿಯುವುದನ್ನು ಅವರು ನೋಡಲಿ.