ಪಹಣಿಯಲ್ಲಿ ಯಾರ ಹೆಸರು?

ಮನೆ ಯಾರದೆಂದು ಕೇಳಿದರೆ ‘ನಮ್ಮದು’ ಎಂದು ಹೇಳುವುದು ನಮ್ಮ ಕಡೆಯ ವಾಡಿಕೆ. ಗಂಡನೂ ಹಾಗೆಯೇ ಹೇಳುತ್ತಾನೆ, ಹೆಂಡತಿಯೂ ಹಾಗೆಯೇ ಹೇಳುತ್ತಾಳೆ. ಈ ಮಾತು ಬಲು ಸೊಗಸಾದುದು. ಸಂಸಾರದ ಒಗ್ಗಟ್ಟೂ ಅಭಿಮಾನವೂ ಅದರಲ್ಲಿವೆ. ಆದರೆ ಗಂಡ ತೀರಿಕೊಂಡ ಮೇಲೆಯೋ, ಮನೆಯೊಳಗೆ ಮನಸ್ಸು ಮುರಿದ ಮೇಲೆಯೋ ತಾಲೂಕು ಕಚೇರಿಯ ಮೆಟ್ಟಿಲು ಹತ್ತುವ ಹೆಂಗಸಿಗೆ ಈ ‘ನಮ್ಮದು’ ನೆರವಾಗುವುದಿಲ್ಲ. ಅಲ್ಲಿ ಕೇಳುವ ಪ್ರಶ್ನೆ ಬೇರೆ: ಪಹಣಿಯಲ್ಲಿ ಯಾರ ಹೆಸರಿದೆ?

ನಮ್ಮ ಜಾಲ್ಸೂರಿನ ಸುತ್ತಿನ ತೋಟಗಳನ್ನು ಬಲ್ಲವರಿಗೆ ಹೆಂಗಸಿನ ದುಡಿಮೆಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಬೆಳಗಾಗುವ ಮೊದಲು ಹಟ್ಟಿಯ ಕೆಲಸ, ಆಮೇಲೆ ಒಲೆ, ಮತ್ತೆ ಬಿದ್ದ ಅಡಿಕೆ ಹೆಕ್ಕುವುದು, ಒಣಗಿದ್ದನ್ನು ಸುಲಿಯುವುದು. ತೋಟವಿಲ್ಲದ ಮನೆಯಲ್ಲಿ ಬೀಡಿ ಕಟ್ಟುವುದು. ಇಷ್ಟು ದುಡಿದವಳಿಗೆ ಸೇರಿದ ಸ್ವತ್ತೆಷ್ಟು? ಈ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. ಕಾರಣ ಸರಳವಾದುದು. ಲೆಕ್ಕ ಬರೆಯಲು ಬಂದವರು ಯಜಮಾನನನ್ನು ಕಂಡು, ‘ಈ ಕುಟುಂಬಕ್ಕೆ ಎಷ್ಟು ಎಕರೆ?’ ಎಂದು ಕೇಳಿ ಬರೆದುಕೊಂಡು ಹೋಗುತ್ತಿದ್ದರು. ಕುಟುಂಬದ ಒಳಗೆ ಯಾರದೆಷ್ಟು ಎಂದು ಕೇಳಿದವರು ವಿರಳ. ಕೇಳದ ಪ್ರಶ್ನೆಗೆ ಅಂಕಿ ಹುಟ್ಟೀತೆ?

ಈ ಕೊರತೆಯನ್ನು ತುಂಬಲು ಹೊರಟ ಒಂದು ದೊಡ್ಡ ಪ್ರಯತ್ನ ನಮ್ಮ ರಾಜ್ಯದಲ್ಲಿಯೇ ನಡೆಯಿತು. 2010-11ರಲ್ಲಿ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಹೇಮಾ ಸ್ವಾಮಿನಾಥನ್ ಮತ್ತು ಅವರ ಸಂಗಡಿಗರು ಕರ್ನಾಟಕದ 4,000ಕ್ಕೂ ಮಿಕ್ಕ ಮನೆಗಳಲ್ಲಿ ಸಮೀಕ್ಷೆ ನಡೆಸಿದರು. ಭೂಮಿ, ಮನೆ, ದನಕರು, ಒಡವೆ, ವಾಹನ, ಹೀಗೆ ಒಂದೊಂದು ಸ್ವತ್ತಿನ ಬಗೆಗೂ ‘ಇದು ಯಾರದು?’ ಎಂದು ವಿಚಾರಿಸಿದರು. ದಕ್ಷಿಣ ಅಮೆರಿಕದ ಎಕ್ವಡಾರ್, ಆಫ್ರಿಕದ ಘಾನಾ ದೇಶಗಳಲ್ಲಿಯೂ ಆಗ ಇದೇ ಬಗೆಯ ಸಮೀಕ್ಷೆ ನಡೆಯಿತು. ಒಟ್ಟು ಸ್ವತ್ತಿನಲ್ಲಿ ಹೆಂಗಸರ ಪಾಲು ಎಕ್ವಡಾರಿನಲ್ಲಿ ಶೇಕಡ 52, ಘಾನಾದಲ್ಲಿ 30, ಕರ್ನಾಟಕದಲ್ಲಿ 19. ಗಂಡ ಹೆಂಡಿರಿಬ್ಬರ ಸ್ವತ್ತನ್ನು ಮಾತ್ರ ಕೂಡಿಸಿ ನೋಡಿದರೆ ಹೆಂಡತಿಯ ಪಾಲು ಅಲ್ಲಿ 44, ಘಾನಾದಲ್ಲಿ 19, ನಮ್ಮಲ್ಲಿ ಬರಿಯ 9.

ಎಕ್ವಡಾರಿನ ಗಂಡಸರು ನಮ್ಮವರಿಗಿಂತ ಉದಾರಿಗಳೆಂದು ಇದರ ಅರ್ಥವಲ್ಲ. ಅಲ್ಲಿಯ ಕಾನೂನಿನಂತೆ ಮದುವೆಯಾದ ಮೇಲೆ ಗಳಿಸಿದ ಸ್ವತ್ತು ದಂಪತಿಗಳಿಬ್ಬರದು. ನಮ್ಮಲ್ಲಿ ಯಾರ ಹೆಸರಿನಲ್ಲಿ ಕೊಂಡರೋ ಅವರದು. ನಮ್ಮದೇ ಕರಾವಳಿಯ ಗೋವೆಯಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ದಂಪತಿಗಳ ಸಮಾನ ಸ್ವತ್ತನ್ನು ಇಂದಿಗೂ ಮಾನ್ಯಮಾಡುತ್ತದೆ. ತವರಿನ ಪಾಲಿನ ಬಗೆಗೆ ನಾವು ಸಾಕಷ್ಟು ಚರ್ಚಿಸಿದ್ದೇವೆ. ಗಂಡನ ಮನೆಯಲ್ಲಿ ಮೂವತ್ತು ವರ್ಷ ದುಡಿದುದರ ಪಾಲಿನ ಬಗೆಗೆ ಬಾಯಿ ತೆರೆದುದು ಕಡಿಮೆ. ಸಮೀಕ್ಷೆ ಬೆರಳಿಟ್ಟು ತೋರಿಸಿದ್ದು ಈ ಎಡೆಯನ್ನು.

ಸ್ವತ್ತಿದ್ದ ಮಾತ್ರಕ್ಕೆ ಹೆಂಗಸಿಗೇನು ಬಂತು ಎಂದು ಕೇಳುವವರುಂಟು. ಜಾಲ್ಸೂರಿನಲ್ಲಿ ಕವಲೊಡೆದ ದಾರಿಯಲ್ಲಿ ಕಾಸರಗೋಡಿನತ್ತ ಹೊರಟರೆ ಸ್ವಲ್ಪ ದೂರದಲ್ಲಿಯೇ ಕೇರಳ. ಅದೇ ರಾಜ್ಯದ ತೆಂಕಣ ತುದಿಯ ತಿರುವನಂತಪುರ ಜಿಲ್ಲೆಯಲ್ಲಿ 2001ರಲ್ಲಿ ಪ್ರದೀಪ್ ಪಂಡಾ ಎಂಬವರು ಸುಮಾರು 500 ಮಂದಿ ವಿವಾಹಿತ ಸ್ತ್ರೀಯರನ್ನು ಕುರಿತು ನಡೆಸಿದ ಸಮೀಕ್ಷೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲರೂ ಅವರೂ ಕೂಡಿ ಅದನ್ನು ಪರಿಶೀಲಿಸಿ ಬರೆದರು. ಭೂಮಿಯೂ ಮನೆಯೂ ಇಲ್ಲದ ಹೆಂಗಸರಲ್ಲಿ ಶೇಕಡ 49 ಮಂದಿ ಗಂಡನಿಂದ ಪೆಟ್ಟು ತಿಂದಿದ್ದರು. ಭೂಮಿ ಮಾತ್ರ ಇದ್ದವರಲ್ಲಿ 18, ಮನೆ ಮಾತ್ರ ಇದ್ದವರಲ್ಲಿ 10, ಎರಡೂ ಇದ್ದವರಲ್ಲಿ 7. ವಿದ್ಯೆ, ಉದ್ಯೋಗ ಮೊದಲಾದ ಕಾರಣಗಳನ್ನು ತೂಗಿ ನೋಡಿದ ಮೇಲೆಯೂ ಈ ಅಂತರ ಅಳಿಯಲಿಲ್ಲ. ಹೊರಟು ಹೋಗಲು ಒಂದು ಸೂರಿದೆಯೆಂಬ ಅರಿವೇ ಎತ್ತಿದ ಕೈಯನ್ನು ತಡೆಯುತ್ತದೆಂದು ತೋರುತ್ತದೆ.

ಅಂಕಿಗಳನ್ನು ಕಪಾಟಿನಲ್ಲಿಟ್ಟು ಸುಮ್ಮನಿರದೆ ಕಾನೂನಿನ ಬಾಗಿಲಿಗೆ ಒಯ್ದವರಲ್ಲಿ ಬೀನಾ ಅಗರವಾಲರು ಮುಖ್ಯರು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿಯಾಗುವ ಮುನ್ನ ನಡೆದ ಚಳವಳಿಗೆ ಅವರೇ ಮುಂದಾಳು. ಕರ್ನಾಟಕವು ಇದಕ್ಕೆ ಮೊದಲೇ, 1994ರಲ್ಲಿ, ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತ್ತು; ಆದರೆ ಅಂದಿಗಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ತಿದ್ದುಪಡಿ ಆ ಬೇಲಿಯನ್ನು ಕಿತ್ತಿತು. 2005ರಲ್ಲಿ ತಂದೆ ಬದುಕಿರಬೇಕಾಗಿತ್ತೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತಳ್ಳಿಹಾಕಿತು.

ನಮ್ಮ ಜಿಲ್ಲೆಗೆ ಇದೆಲ್ಲ ಏತಕ್ಕೆ, ಇಲ್ಲಿ ಅಳಿಯಸಂತಾನವೇ ಇತ್ತಲ್ಲ ಎಂದು ಹೆಮ್ಮೆಯಿಂದ ಹೇಳುವವರನ್ನು ನಾನು ಕಂಡಿದ್ದೇನೆ. ಇತ್ತು, ನಿಜ. ಎಲ್ಲ ಜಾತಿಗಳಲ್ಲಿ ಅಲ್ಲವಾದರೂ ಹಲವರಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದುಬರುತ್ತಿತ್ತು. ಆದರೆ ಹೆಣ್ಣಿನ ಮೂಲಕ ಇಳಿಯುವುದು ಬೇರೆ, ಹೆಣ್ಣಿನ ಕೈಯಲ್ಲಿ ಇರುವುದು ಬೇರೆ. ಆಡಳಿತ ಬಹುಮಟ್ಟಿಗೆ ಮನೆಯ ಹಿರಿಯ ಗಂಡಸಿನದೇ ಆಗಿತ್ತು. 2011ರ ಜನಗಣತಿಯಂತೆ ದಕ್ಷಿಣ ಕನ್ನಡದಲ್ಲಿ ಗಂಡಸರಿಗಿಂತ ಹೆಂಗಸರ ಸಂಖ್ಯೆಯೇ ಹೆಚ್ಚು. ಇದು ಸಂತೋಷದ ಸಂಗತಿ. ಆದರೆ ತಲೆಯೆಣಿಕೆಯಲ್ಲಿ ಮುಂದಿರುವವರು ಪಹಣಿಯಲ್ಲಿಯೂ ಮುಂದಿದ್ದಾರೆಂದು ಅದರಿಂದ ಸಿದ್ಧವಾಗುವುದಿಲ್ಲ. ಕಾನೂನು ಕೊಟ್ಟ ಪಾಲನ್ನು ಅಣ್ಣತಮ್ಮಂದಿರ ಮೇಲಣ ವಿಶ್ವಾಸಕ್ಕಾಗಿ ‘ಹಕ್ಕು ಬಿಡುಗಡೆ ಪತ್ರ’ಕ್ಕೆ ರುಜು ಹಾಕಿ ಹಿಂದಿರುಗಿಸುವ ಸೋದರಿಯರು ಯಾವ ಊರಿನಲ್ಲಿಲ್ಲ? ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯೂ ಆ ರುಜುವಿನಲ್ಲಿ ಬೆರೆತಿರುತ್ತದೆ.

ಇದು ಎಷ್ಟು ಮಂದಿಯ ಕತೆಯೆಂದು ತಿಳಿಯಬೇಕಾದರೆ ಎಣಿಸಲೇಬೇಕು. ಒಬ್ಬಳ ಕಣ್ಣೀರನ್ನು ‘ಅವಳ ಹಣೆಬರಹ’ವೆಂದು ತಳ್ಳಿಬಿಡುವ ಸಮಾಜಕ್ಕೆ ನೂರಕ್ಕೆ ನಲವತ್ತೊಂಬತ್ತನ್ನು ಹಾಗೆ ತಳ್ಳುವುದು ಸುಲಭವಲ್ಲ. ಆದರೆ ಎಣಿಸುವವರು ಪ್ರಾಮಾಣಿಕರಾಗಿರಬೇಕು. ತಮ್ಮ ವಾದಕ್ಕೆ ಒಪ್ಪುವ ಅಂಕಿಯನ್ನು ಮೆರೆಸಿ, ಒಪ್ಪದುದನ್ನು ಮರೆಸಿದರೆ, ಒಂದು ಸುಳ್ಳು ಹತ್ತು ನಿಜಗಳನ್ನು ಕೆಡಿಸುತ್ತದೆ, ನಷ್ಟವಾಗುವುದು ಹೆಂಗಸರಿಗೇ.

ಈ ಕೆಲಸಕ್ಕೆ ಬೆಂಗಳೂರಿನ ಪಂಡಿತರೇ ಬರಬೇಕೆಂದಿಲ್ಲ. ನಮ್ಮ ಒಂದೊಂದು ಗ್ರಾಮದ ಪಹಣಿಗಳಲ್ಲಿ, ಪಂಚಾಯತಿಯ ಮನೆ ತೆರಿಗೆ ಪುಸ್ತಕದಲ್ಲಿ ಹೆಂಗಸರ ಹೆಸರುಗಳೆಷ್ಟು, ಜಂಟಿ ಹೆಸರುಗಳೆಷ್ಟು ಎಂದು ಎಣಿಸಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಸಾಕು. ಹೊಸ ಜಾಗ ಕೊಳ್ಳುವಾಗ ಇಬ್ಬರ ಹೆಸರನ್ನೂ ಬರೆಸುವುದಕ್ಕೆ ಯಾವ ತಿದ್ದುಪಡಿಯೂ ಬೇಕಾಗಿಲ್ಲ. ಬಾಯಿಯಲ್ಲಿ ‘ನಮ್ಮದು’ ಎನ್ನುವವರು ಕಾಗದದಲ್ಲಿಯೂ ಹಾಗೆಯೇ ಬರೆಸಲಿ.